ತೂಕದ ಕಲ್ಲು

ಗುತ್ತಲು ರಸ್ತೆಯ ಸೌದೆ ಡಿಪೋಗೆ
ಅತ್ತೆ ಕೆಂಪಾಜಮ್ಮ ನನ್ನನ್ನು ಕರೆದೊಯ್ದದ್ದು
ಹೊರೆ ಹೊರಲಿಕ್ಕಲ್ಲ.

ಹಿಂದಿನ ದಿನ ಮಂಡ್ಯ ಸ್ಟೇಷನ್ನಿನ
ಮಿಣಮಿಣ ದೀಪದ ಯಂತ್ರಕ್ಕೆ ನಾಲ್ಕಾಣೆ ಹಾಕಿ
ನನ್ನನ್ನು ಹತ್ತಿಸಿದ್ದಳು.
ಟಕ್ಕೆಂದು ಬಿದ್ದ ರಟ್ಟಿನ ಚೀಟಿ: ಇಪ್ಪತ್ತು ಕೆ.ಜಿ.
ಹಿಂಬದಿಗೆ ಯಾರೋ ನಟಿ.
ಎಲೆಯಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕ,
ಚೀಟಿ ಭದ್ರ.

"ತಮ್ಮಯ್ಯ, ಸೌದೆ ಆಮೇಲೆ. ಮೊದಲು ಹೈದನ್ನ ತೂಗು."
ಸರಪಳಿ ಹಿಡಿದು ತಟ್ಟೆಯಲ್ಲಿ ಕುಂತೆ.
ಆ ಕಡೆ ಇಪ್ಪತ್ತರ ಕಲ್ಲು.
ನಾನು ಧಡ್ಡನೆ ನೆಲಕ್ಕೆ, ಕಲ್ಲು ಆಕಾಶಕ್ಕೆ.

"ರಾತ್ರಿ ಒಂದೇ ಮುದ್ದೆ ಉಂಡವ್ನೆ ಕಣಪ್ಪ,
ನಿನ್ ಕಲ್ಲೇನು ಉಪವಾಸವಾ?"
ಜಾಲಿಯ ಸೀಳೆರಡು, ಸರ್ವೆ ತುಂಡೊಂದು
ಮಾತಿಲ್ಲದೆ ಮೇಲೆ ಬಿದ್ದವು.
ಒಂದನ್ನು ಮೂಸಿ, ಹಸಿಯೆಂದು, ಹಿಂದಕ್ಕೆಸೆದಳು.

ವಾರ ವಾರವೂ ಹೀಗೆ.
ನಾನು ಅವಳ ತೂಕದ ಕಲ್ಲು.

ಆ ಸಲ ಜ್ವರ ಬಿಟ್ಟು ನಾಲ್ಕು ದಿನವಾಗಿತ್ತು.
ಕುಂತೆ. ದಂಡಿಗೆ ಅಲ್ಲಾಡಿ ಅಲ್ಲಾಡಿ ನಿಂತಿತು,
ಮುಳ್ಳು ನೆಟ್ಟಗೆ.
"ನೋಡವ್ವ, ಸಮ!" ತಮ್ಮಯ್ಯ ಬೀಗಿದ.
ಅದೇ ಕಲ್ಲು.
ಬಾಯಿಗೆ ಹೊರಟ ವೀಳ್ಯ ಅವಳ ಕೈಯಲ್ಲೇ ಉಳಿಯಿತು.
ಜಗಳವಾಡಲಿಲ್ಲ.
ಕೊಟ್ಟಷ್ಟನ್ನು ಕಟ್ಟಿಸಿಕೊಂಡಳು.

ಸಂಜೆ ಒಲೆಯ ಮುಂದೆ ನನ್ನ ಮುಂಗೈಯನ್ನು
ಹೆಬ್ಬೆಟ್ಟು ತೋರುಬೆರಳ ನಡುವೆ ಹಿಡಿದು ನೋಡಿ,
ಇನ್ನೊಂದು ಸೌದೆ ಒಳಕ್ಕೆ ನೂಕಿದಳು.
"ಇನ್ನರ್ಧ ಮುದ್ದೆ ಉಣ್ಣು ಮಗ.
ಎರಡು ಕೆ.ಜಿ. ಬಾಕಿ ಅದೆ."