ಹನ್ನೊಂದು ಕೀಲಿಕೈ

ಫತೋರ್ಡಾ ಮೈದಾನದ ಹಿಂದೆ ಜೆರ್ಸಿ ಒಗೆಯುವ ಖೋಲಿ,
ಎರಡು ಮಷೀನು, ಒಂದು ಹಗ್ಗ, ನಾನು.
ಅಲ್ಲಿಗೇ ಬಂದು ಕೂರುತ್ತಿದ್ದ ಕೋಚ್ ಎಲಾದಿಯೊ,
ಆಫೀಸಿನ ಏಸಿ ಅವನ ಮೊಣಕಾಲಿಗೆ ಆಗಿಬರದು.

ಇಸ್ತ್ರಿ ಮೇಜಿನ ಮೇಲೆ ಚೀಲ ಸುರಿದರೆ
ಕೀಲಿಕೈಗಳು.
ಬಾಡಿಗೆ ಮನೆಗಳವು, ವಾಪಸು ಕೊಡಲು ಮರೆತವು,
ಮರೆತಂತೆ ನಟಿಸಿ ಉಳಿಸಿಕೊಂಡವು.
ಎಣಿಸಿದರೆ ಸರಿಯಾಗಿ ಹನ್ನೊಂದು.
ಅವನ್ನೇ ಹೂಡುತ್ತಿದ್ದ ನಾಳೆಯ ಆಟಕ್ಕೆ.

ಎಡಗಡೆ ಬ್ಯಾಕು ಸೈಪ್ರಸ್ಸಿನದು, ಎಂಟು ತಿಂಗಳು.
ನಡುವಿನ ದಪ್ಪ ಜೋಡಿ ಬೊಲಿವಿಯಾ,
ಅಲ್ಲಿ ಗಾಳಿ ತೆಳು,
ಗೆದ್ದವರೂ ಸೋತವರೂ ಒಟ್ಟಿಗೇ ನೆಲಕ್ಕೆ ಬೀಳುತ್ತಾರಂತೆ.
ಪುಟ್ಟ ಹಿತ್ತಾಳೆಯದು ಕಜಕಸ್ತಾನ,
ಚಳಿಗೆ ಬೀಗ ತೆಗೆಯದೆ ಮೂರು ರಾತ್ರಿ ಟೀಮಿನ ಬಸ್ಸಲ್ಲಿ ಮಲಗಿದ್ದ.
ಥಾಯ್ಲೆಂಡಿನದು ಕೀಲಿಯೇ ಅಲ್ಲ, ಪ್ಲಾಸ್ಟಿಕ್ ಕಾರ್ಡು:
'ಇವನಿಗೆ ಓಡಾಟ ಜಾಸ್ತಿ, ಬುದ್ಧಿ ಕಮ್ಮಿ'
ಎಂದು ಬಲಗಡೆ ವಿಂಗಿಗೆ ದೂಡುತ್ತಿದ್ದ.
ಗೋಲಿಗೆ ಮಾತ್ರ ಗೇಣುದ್ದದ ಕಬ್ಬಿಣದ್ದು, ತುಕ್ಕಿನದು.
ಅದರ ಮಾತು ತೆಗೆದರೆ ಚಹಾ ಕೇಳುತ್ತಿದ್ದ.

ಅವನ ಇಂಗ್ಲಿಷು ನನ್ನದಕ್ಕಿಂತ ಹರಕು.
ಒಂಬತ್ತು ದೇಶದ ಬೈಗುಳ ಮಾತ್ರ ಬಾಯಿಪಾಠ,
ಹತ್ತನೆಯದಕ್ಕೆ ನನ್ನ ಹತ್ತಿರ ಬಂದ.
'ಇಲ್ಲೀದು ಕೊಂಕಣಿ ಸಾಹೇಬ್ರ, ನಂದು ಬಾಗಲಕೋಟಿ ಕಡೀದು'
ಅಂದರೂ ಬಿಡಲಿಲ್ಲ.
ಮುಂದಿನ ಭಾನುವಾರ ಗೆರೆಯಂಚಿಗೆ ನಿಂತು
'ಏ ಹುಚ್ಚಪ್ಯಾಲಿ, ಹಿಂದಕ ಬಾ!' ಎಂದು ಕಿರುಚಿದ.
ನಮ್ಮ ಹಾಫ್ ಕುಸ್ತೋದಿಯೊಗೆ ಏನೂ ತಿಳಿಯಲಿಲ್ಲ.
ಗ್ಯಾಲರಿಯಲ್ಲಿದ್ದ ಝುವಾರಿನಗರದ ನಮ್ಮ ಹುಡುಗರು
ಗೋಲು ಬಿದ್ದವರ ಹಾಗೆ ಎದ್ದು ಕುಣಿದರು.
ಗೋಲು ಬಿದ್ದದ್ದು ಆಮೇಲೆ. ನಮಗೆ.

ಏಳು ಆಟ ಸೋತೆವು. ಎಂಟನೆಯದು ಡ್ರಾ.
ಮಾಲೀಕರ ಮಗ ಫೋನಿನಲ್ಲೇ ಮುಗಿಸಿದ, ಒಂದೂವರೆ ನಿಮಿಷ.
ಎಲಾದಿಯೊ ತನ್ನ ಟ್ರ್ಯಾಕ್‌ಸೂಟು ತಾನೇ ತಂದು ಬುಟ್ಟಿಗೆ ಹಾಕಿ
ಜೇಬು ತಿರುವಿ ತೋರಿಸಿದ, ನೋಡು, ಖಾಲಿ.
ವರ್ಷವಿಡೀ ಬಯ್ದಿದ್ದೆ ನಾನು,
ಒಂದು ಕಾಗದದ ಚೂರು ಉಳಿದರೂ
ಇಡೀ ತಂಡದ ಮೈಗೆ ಅಂಟುತ್ತದೆಂದು.

ಬಾಕಿ ಸಂಬಳಕ್ಕೆ ಮೇ ತನಕ ಕಾದ.
ಒಂದು ಬೆಳಿಗ್ಗೆ ನನ್ನ ಸ್ಕೂಟರಿನ ಹಿಂದೆ ಕೂತು
'ಕುರ್ಡಿ' ಅಂದ.
ಸಾಂಗೆಯ ಆಚೆ, ಸಾಳಾವ್ಲಿ ಅಣೆಕಟ್ಟು ನುಂಗಿದ ಊರು;
ನೀರಿಳಿದಾಗ ಒಂದು ತಿಂಗಳು ಮೇಲೆ ಬಂದು ಉಸಿರಾಡಿ ಹೋಗುತ್ತದೆ.

ಸೀಳಿದ ಕೆಸರು. ಮೊಣಕಾಲೆತ್ತರದ ಗೋಡೆಗಳು. ತೆಂಗಿನ ಮೋಟು.
ಹಬ್ಬಕ್ಕೆ ಬಂದವರು ಡಬ್ಬಿ ಬಿಚ್ಚಿ
ತಂತಮ್ಮ ಮನೆಯಿದ್ದ ಜಾಗದಲ್ಲೇ ಉಣ್ಣುತ್ತಿದ್ದರು.
ಸೂರಿಲ್ಲದ ಅಡುಗೆಮನೆಯಲ್ಲಿ
ಅತ್ತೆಗೊಂದು ಮೂಲೆ, ಸೊಸೆಗೊಂದು ಮೂಲೆ.

ಆಗ ತೆಗೆದ ಕಬ್ಬಿಣದ ಕೀಲಿಯನ್ನು.
'ನಮ್ಮೂರೂ ಹೀಗೇ. ಆಗ ನನಗೆ ಆರು.
ಎಲ್ಲ ಸಾಮಾನು ಗಾಡಿಗೆ ಹೇರಿ
ಅಪ್ಪ ಬಾಗಿಲಿಗೆ ಬೀಗ ಹಾಕಿದ.
ನೀರು ಒಳಗೆ ಬಾರದಿರಲಿ ಅಂತ!'
ನಗಲು ಹೋದ, ಕೆಮ್ಮಾಯಿತು.

ನಾನಂದೆ: ನಮ್ಮವ್ವನ ತವರೂ ಮುಳುಗಡೆ, ಆಲಮಟ್ಟಿ ಹಿನ್ನೀರು.
ಅವ್ವ ಬಾಗಿಲನ್ನೇ ಕಿತ್ತುಕೊಂಡು ಲಾರಿ ಹತ್ತಿದಳು.
ಬೈನಾದ ಗುಡಿಸಲಿಗೆ ಅದು ದೊಡ್ಡದಾಯಿತು.
ಬುಲ್ಡೋಜರ್ ಬರುವ ತನಕ ಅದರ ಮೇಲೇ ಮಲಗಿದೆವು,
ನಾಲ್ಕು ಜನ, ಚಿಲಕದ ಕಡೆ ನಾನು.

ಬಹಳ ಹೊತ್ತು ಲೆಕ್ಕ ಹಾಕಿ ಎಲಾದಿಯೊ ಅಂದ:
'ನಿಮ್ಮವ್ವನ್ನ ನಾನು ಸೆಂಟರ್ ಬ್ಯಾಕ್ ಆಡಿಸ್ತಿದ್ದೆ.'
ಅಷ್ಟರಲ್ಲಿ ಅಲ್ಲಿ ಪ್ಲಾಸ್ಟಿಕ್ ಚೆಂಡು ಒದೆಯುತ್ತಿದ್ದ ಹುಡುಗನೊಬ್ಬ
ಖಾಲಿ ಜಾಗ ಬಿಟ್ಟು ಗುಂಪಿಗೇ ನುಗ್ಗಿದ.
ಇವನು ಚಪ್ಪಲಿ ಕೈಯಲ್ಲಿ ಹಿಡಿದು
ಆ ಹುಚ್ಚಪ್ಯಾಲಿಯ ಹಿಂದೆ ಓಡಿದ, ಅದೇ ಮೊಣಕಾಲಲ್ಲಿ.

ಈಗ ಇನ್ನಾವುದೋ ದೇಶ, ಹಿಮದ ಒಂದು ಫೋಟೊ ಬಂತು.
ಬೆನಾವ್ಲಿಯ ಮನೆಯೊಡತಿ ಎಫಿಜೆನಿಯಾ ಬಾಯಿ
ಇವತ್ತಿಗೂ ನನಗೇ ಫೋನು ಮಾಡುತ್ತಾಳೆ, ಎಲ್ಲಿ ನನ್ನ ಕೀಲಿ?
ಗೊತ್ತಿಲ್ಲ ಬಾಯಿ ಅನ್ನುತ್ತೇನೆ.
ಹನ್ನೊಂದು ಮೊದಲೇ ಭರ್ತಿಯಾಗಿತ್ತಲ್ಲ,
ಎಲ್ಲೋ ಬೆಂಚಿನ ತುದಿಗೆ ಕೂತಿರಬೇಕು, ಪಾಪ,
ಶೂ ಬಿಗಿದು.