ಗೆರೆ

"ಎಷ್ಟ ಬಂತ್ರೀ?"
ಲ್ಯಾಬಿನ ಕಿಂಡಿಯಾಚೆ ಲಗಮವ್ವ.
ಸೆರಗಿನೊಳಗೆ ಎರಡು ತಿಂಗಳ ಕೂಸು,
ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ.

ಮಳೆಗಾಲಕ್ಕೆ ಬಾಗಲಕೋಟೆಯೆಲ್ಲ ಕೇಳುವ ಮಾತು ಇದೇ,
ಚಹಾದಂಗಡಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ:
ಆಲಮಟ್ಟಿ ಎಷ್ಟ ಬಂತು?

ಎಂಟು, ಎಂದೆ.
ಸಿಆರ್‌ಪಿ ಎಂಟು. ಬಿಳಿಕಣವೂ ಲೆಕ್ಕದೊಳಗೇ.
"ಎಂಟಂದ್ರ ಚಲೋನ್ರೀ?"
ರಕ್ತ ಓದುವವ ನಾನು, ಪಂಚಾಂಗ ಓದುವವನಲ್ಲ.
ಡಾಕ್ಟರಿಗೆ ತೋರ್ಸವ್ವಾ.

ಹಲಗಲಿ ಮೇಡಂ ಮೊದಲು ಕಾಗದ ನೋಡಲಿಲ್ಲ.
ಕೂಸಿನ ಎದೆಯ ಮೇಲೆ ಬೆರಳೊತ್ತಿ ಬಿಟ್ಟು
ಬಿಳುಪು ಕೆಂಪಾಗುವತನಕ ಎಣಿಸಿದರು.
ಒಂದು. ಎರಡು. ಮೂರು.
ನಾಲ್ಕು.
"ಜ್ವರ ಸಂಜಿಗಿ ಬಂದೈತಿ. ನಿನ್ನ ಎಂಟು ಇನ್ನೂ ಹಾದ್ಯಾಗ ಐತಿ.
ಉಚ್ಚಿ ಕಲ್ಚರಿಗೆ ಹಾಕು. ಮುಂಜಾನೆ ಮತ್ತ ರಕ್ತ ತಗಿ."
ಮುಂಜಾನೆಯ ದಾರಿ ಕಾಯದೆ ಇಂಜೆಕ್ಷನ್ ಶುರುಮಾಡಿದರು.

ರಾತ್ರಿ ಎರಡಕ್ಕೆ ಸೆಂಟ್ರಿಫ್ಯೂಜು ಗಿರಗಿರ.
ನನಗೆ ಒಂಬತ್ತು ವರ್ಷ. ಹಳೇ ಊರು.
ಸರ್ವೆಯವ ಬಂದು ಪಡಸಾಲೆ ಗೋಡೆಗೆ
ಕೆಂಪು ಗೆರೆ ಎಳೆದ:
ನೀರು ಇಲ್ಲಿತನಕ.
ಗೂಟಕ್ಕೆ ತೂಗಿದ ಅಪ್ಪನ ಅಂಗಿಗಿಂತ
ಒಂದು ಗೇಣು ಮೇಲೆ.
"ಯಾವ ಹೊಳಿ ನೀರಪಾ," ಅವ್ವ ಕೇಳಿದಳು,
"ಕೃಷ್ಣೀದೊ, ಘಟಪ್ರಭಾದೊ?"
ಅವನು ನಕ್ಕ, ಬಣ್ಣದ ಡಬ್ಬಿ ಎತ್ತಿಕೊಂಡು ಹೋದ.

ಗೆರೆ ಎಷ್ಟು ಎನ್ನುತ್ತದೆ,
ಯಾವುದು ಎನ್ನುವುದಿಲ್ಲ.
ಅಲ್ಲಿ ಗೆರೆ ಮೊದಲು, ನೀರು ಆಮೇಲೆ.
ರಕ್ತದಲ್ಲಿ ತಿರುವುಮುರುವು:
ಹೊಳೆ ಹೊಸ್ತಿಲು ದಾಟಿ ಅರ್ಧ ದಿನವಾದ ಮೇಲೆ
ಗೋಡೆಯೇ ತನ್ನ ಮೇಲೆ ಗೆರೆ ಎಳೆದುಕೊಳ್ಳುತ್ತದೆ.

ಮುಂಜಾನೆ, ತೊಂಬತ್ತಾರು.

ನಳಿಕೆಯ ಮೇಲೆ ಬರೆದಿತ್ತು: ಬೇಬಿ ಆಫ್ ಲಗಮವ್ವ.
"ಹೆಸರೈತ್ರೀ ಆಕಿಗಿ. ಕಾಳವ್ವ. ನಮ್ಮತ್ತೀದು."
ಚೀಟಿಯ ಅಂಚಿನಲ್ಲಿ ಜಾಗ ಇರಲಿಲ್ಲ,
ಅಡ್ಡಲಾಗಿ ಬರೆದೆ.

ಮೂರನೆಯ ದಿನ ಕಲ್ಚರ್ ತಟ್ಟೆಯ ತುಂಬ
ಗುಲಾಬಿ ಚುಕ್ಕಿ, ಸಂಕ್ರಮಣದ ಕುಸುರೆಳ್ಳಿನ ಹಾಗೆ.
ಹೊಳೆಯ ಹೆಸರು ಸಿಕ್ಕಿತು: ಇ. ಕೋಲಿ.
ಹೊಕ್ಕದ್ದು ಮೂತ್ರದ ದಾರಿಯಿಂದ.
ಅಷ್ಟರಲ್ಲಿ ಕೂಸು ಮೊಲೆ ಕಚ್ಚಿ ಎರಡು ಹೊತ್ತಾಗಿತ್ತು.

ಬೇಸಿಗೆಯಲ್ಲಿ ಹಿನ್ನೀರು ಸರಿದರೆ
ನಮ್ಮ ಗೋಡೆ ಅರ್ಧ ಮೇಲೇಳುತ್ತದೆ.
ಗಿಲಾವು ಉದುರಿದೆ, ಗೆರೆ ಎಲ್ಲಿತ್ತೆಂದು
ಈಗ ನನಗೂ ಗೊತ್ತಾಗುವುದಿಲ್ಲ.

"ಎಷ್ಟ ಬಂತ್ರೀ?"
ಇಳ್ಯಾಕ ಹತ್ತೈತಿ, ನಲವತ್ತೊಂದು, ಎಂದೆ.
ಅವಳು ಸಂಖ್ಯೆ ಕೇಳಿಸಿಕೊಂಡಳೋ ಇಲ್ಲವೋ.
ಸೂಜಿ ಕಂಡದ್ದೇ ಕಾಳವ್ವ
ವಾರ್ಡು ಹಾರಿಹೋಗುವಂತೆ ಕಿರುಚಿದಳು.

ಮೊದಲ ರಾತ್ರಿ ಚುಚ್ಚಿದಾಗ
ಸುಮ್ಮನೆ ನೋಡಿದ್ದಳು.