ದುಭಾಷಿ

ಪಾಸ್ಟರ್ ಲಾರ್ಬಿಯವರಿಗೆ ಎವೆ ಭಾಷೆ ಬಾರದು.
ಕೇಟಾದ ಮುದುಕಿಯರಿಗೆ ಇಂಗ್ಲಿಷು ಬಾರದು.
ನಡುವೆ ನಾನು,
ಐದನೇ ಕ್ಲಾಸಿಗೆ ಭೂಗೋಳ ಹೇಳುವವಳು,
ಶುಕ್ರವಾರ ರಾತ್ರಿ ಮಾತ್ರ
ದೆವ್ವಕ್ಕೂ ದೇವರಿಗೂ ದುಭಾಷಿ.

ಅವರು ತೊಲಗು ಅಂದರೆ ನಾನೂ ತೊಲಗು.
ಅವರು ನೆಲಕ್ಕೆ ಕಾಲು ಅಪ್ಪಳಿಸಿದರೆ
ಅದಕ್ಕೆ ಅನುವಾದ ಬೇಕಿಲ್ಲ, ಆದರೂ
ನನ್ನ ಚಪ್ಪಲಿ ಒಂದು ಗಳಿಗೆ ತಡವಾಗಿ
ಮರಳಿನ ಮೇಲೆ ಸದ್ದು ಮಾಡಲು ನೋಡುತ್ತದೆ.

ಕಲಿತದ್ದು ಕ್ಯಾಸೆಟ್ಟಿನಿಂದ.
ಹನ್ನೆರಡು ಪಾಠ, ಅಕ್ರಾದಿಂದ
ಬಸ್ ಡ್ರೈವರನ ಕೈಯಲ್ಲಿ ಬಂದವು, ಒಣಮೀನಿನ ವಾಸನೆ ಹಿಡಿದು.
ನಾಲ್ಕನೆಯದು ಯಂತ್ರಕ್ಕೆ ಸಿಕ್ಕಿ
ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಬಿಡಿಸಿಕೊಂಡದ್ದು;
ಅಲ್ಲಿಂದಾಚೆ ಬೋಧಕರ ದನಿ ನೀರಿನಡಿಯಿಂದ.
ಹಾಜರಿ ಪುಸ್ತಕದ ಹಿಂಬದಿಗೆ ಬರೆದುಕೊಂಡೆ:
ಮೊದಲು ಕ್ಷಮೆ. ಆಮೇಲೆ ಕಟ್ಟು ಬಿಚ್ಚುವುದು.
ಒಬ್ಬಳೇ ಹೋಗಬೇಡ. ಉಪವಾಸವಿದ್ದು ಹೋಗು.
ಹೆಸರು ಕೇಳು,
ಹೆಸರು ಸಿಕ್ಕರೆ ಅರ್ಧ ಗೆದ್ದಂತೆ.

ಏಳನೆಯ ಪಾಠದ ಇನ್ನೊಂದು ಬದಿ ಖಾಲಿ.
ಬರೀ ಹುಸ್ಸೆನ್ನುವ ಗಾಳಿ, ನಲವತ್ತೈದು ನಿಮಿಷ.
ಅದನ್ನೂ ಪೂರ್ತಿ ಕೇಳಿದೆ,
ಏನಾದರೂ ತಪ್ಪಿಹೋದೀತೆಂದು.

ಎಸಿನಮ್‌ಳನ್ನು ಕರೆತಂದರು ನವೆಂಬರಿನಲ್ಲಿ,
ತಾಯಿ ಒಂದು ರೆಟ್ಟೆ, ಸೋದರಮಾವ ಒಂದು.
ಆಚೆಯ ಯಾವುದೋ ಪ್ರಾರ್ಥನಾ ಶಿಬಿರದಲ್ಲಿ
ಮೂರು ವಾರ ಮರಕ್ಕೆ ಕಟ್ಟಿದ್ದರಂತೆ.
ಮಣಿಕಟ್ಟಿನ ಸುತ್ತ ಬಳೆಯಂತೆ ಗಾಯ.
ಬಿಚ್ಚಬೇಕಾದ ಕಟ್ಟು ಯಾವುದೆಂದು
ಯಾವ ಕ್ಯಾಸೆಟ್ಟೂ ಹೇಳಿರಲಿಲ್ಲ.

ಪೆಟ್ರೊಮ್ಯಾಕ್ಸಿನ ಕೆಳಗೆ ಪಾಸ್ಟರು ಕೇಳಿದರು:
ನಿನ್ನ ಹೆಸರೇನು?
ನಾನೂ ಕೇಳಿದೆ.
ಅವಳು ಅವರನ್ನು ನೋಡಲಿಲ್ಲ,
ಎವೆಯಿಕ್ಕದೆ ನನ್ನ ನೋಡಿ ಅಂದಳು: ಕೊಬ್ಲಾ.

ಗಂಡು ದೆವ್ವ, ಗಂಡು ದೆವ್ವ ಎಂದು
ಬೆಂಚುಗಳೆಲ್ಲ ಒಂದಡಿ ಹಿಂದೆ ಸರಿದವು.
ಏನಂತೆ, ಏನಂತೆ, ಅಂದರು ಪಾಸ್ಟರು
ಕರವಸ್ತ್ರ ಹಿಂಡುತ್ತ.

ಮೂರನೇ ಬೆಂಚು, ಕಿಟಕಿಯ ಪಕ್ಕ.
ಹಿನ್ನೀರನ್ನು ನೀಲಿ ಸೀಮೆಸುಣ್ಣದಲ್ಲಿ ಬರೆ ಅಂದರೆ
ಅಂಚು ಮೀರಿ ಸಮುದ್ರವನ್ನೂ ಬಳಿದು ಕೂರುತ್ತಿದ್ದವನು.
ಮೇ ತಿಂಗಳಲ್ಲಿ ದೋಣಿ ಮಗುಚಿತು.
ಬಲೆ ಬಂತು, ಹುಟ್ಟು ಬಂತು.
ದಡದಲ್ಲಿ ಹಗ್ಗ ಹಿಡಿದಿದ್ದವಳು ಅಕ್ಕ.

ಸರ್, ಅದು ಅವಳ ತಮ್ಮ, ಅಂದೆ.
ನಾನು ದೆವ್ವದ ಹೆಸರು ಕೇಳಿದ್ದು.
ಕೇಳಿದ್ದಕ್ಕೆ ಹೇಳಿದಳು ಸರ್.

ಅವರು ಸಿಟ್ಟಾಗಬಹುದಿತ್ತು.
ಮೈಕು ಆರಿಸಿದರು. ಪ್ಯಾಂಟಿನ ಮಡಿಕೆ ಎತ್ತಿಕೊಂಡು
ಮರಳಿನಲ್ಲಿ ಅವಳೆದುರು ಕುಕ್ಕರುಗಾಲಲ್ಲಿ ಕೂತರು,
ಎಡಗಾಲಿನ ಕಾಲುಚೀಲ ತೂತಾಗಿತ್ತು.
ಅವಳು ಹೇಳಿದಳು, ಹೇಳಿದಳು:
ಹಗ್ಗ ಎಷ್ಟು ಒದ್ದೆ, ಅಂಗೈ ಎಷ್ಟು ಉರಿ,
ಬಿಟ್ಟೆನೋ ಜಾರಿತೋ, ಬಿಟ್ಟೆನೋ ಜಾರಿತೋ.
ನಾನು ಒಂದು ಪದವನ್ನೂ ದಾಟಿಸಲಿಲ್ಲ.
ಅವರೂ ಕೇಳಲಿಲ್ಲ. ತಲೆಯಾಡಿಸುತ್ತಿದ್ದರು,
ಎವೆ ಬಲ್ಲವರಂತೆ.

ಏನಾದರೂ ಬಿಟ್ಟು ಹೋಯಿತೇ?
ಹಂದಿಗಳು ಯಾವುವೂ ನೀರಿಗೆ ಹಾರಲಿಲ್ಲ.
ಸೋದರಮಾವನಿಗೆ ಅಸಮಾಧಾನ:
ಇಷ್ಟು ದೂರ ಕರೆತಂದು ಒಂದು ಕಿರುಚಾಟವೂ ಇಲ್ಲ.
ಎದ್ದು ನಿಂತು ಪಾಸ್ಟರು ಅಂದದ್ದು ಒಂದೇ,
ಈಕೆಗೆ ತಿನ್ನಲು ಏನಾದರೂ ಕೊಡಿ.
ನಾನು ಬಾಯಿ ತೆರೆಯುವ ಮೊದಲೇ
ತಾಯಿ ಬುತ್ತಿಯ ಗಂಟು ಬಿಚ್ಚುತ್ತಿದ್ದಳು,
ಅಕ್ಪ್ಲೆ, ಹುರಿದ ಸಣ್ಣ ಮೀನು.
ಎಸಿನಮ್ ಎರಡು ತುತ್ತು ತಿಂದು ಮೂರನೆಯದನ್ನು
ಕೈಯಲ್ಲೇ ಇಟ್ಟುಕೊಂಡಳು ಬಹಳ ಹೊತ್ತು.

ಸೋಮವಾರ ಹಾಜರಿ ಕರೆದೆ.
ಮೇ ತಿಂಗಳಿಂದ ಹದಿನೆಂಟಾದ ಮೇಲೆ
ನೇರ ಇಪ್ಪತ್ತಕ್ಕೆ ಹಾರುತ್ತಿದ್ದೆ.
ಈ ಸಲ ಬೆರಳು ನಿಂತಿತು, ಹೆಸರನ್ನು ಓದಿದೆ.
ಯಾರೂ ನಗಲಿಲ್ಲ.
ಹೊರಗೆ ಯಾರೋ ಈರುಳ್ಳಿ ಮಡಿಗೆ
ಸೋರೆಬುರುಡೆಯಲ್ಲಿ ನೀರು ಹೊಯ್ಯುತ್ತಿದ್ದರು,
ಮರಳು ಕುಡಿಯುವ ಸದ್ದು
ಆ ಖಾಲಿ ಕ್ಯಾಸೆಟ್ಟಿನ ಗಾಳಿಯಂತೆ.